ನಮ್ಮ ಲೇತಿನ ನಾಲ್ಕನೆಯ ಕಾಲು

ಅನ್ನಪೂರ್ಣ, ಕೊಟ್ರೇಶ,

ಎದುರಿಗೆ ಕೂರಿಸಿಕೊಂಡು ಕಥೆ ಹೇಳುವ ಅಜ್ಜಿ ನಾನಲ್ಲ, ನಿಮಗೇ ಗೊತ್ತು. ಯಾರಾದರೂ ನನ್ನ ಮುಖ ನೋಡಿದರೆ ಬಾಯಿಗೆ ಬಂದ ಮಾತು ಗಂಟಲಿಗೆ ವಾಪಸ್ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಳೆ ತಿರುಗಿ ಮುಖ ನೋಡುವುದಿಲ್ಲ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ, ನಗಬೇಡಿ. ನಗುವುದಕ್ಕೆ ಬೇರೆ ಜಾಗ ಇಟ್ಟಿದ್ದೇನೆ.

ಅನ್ನಪೂರ್ಣ ಈ ವರ್ಷ ಹರಪನಹಳ್ಳಿಯಲ್ಲಿ ಟರ್ನರ್ ಕೆಲಸ ಕಲಿಯಲು ಸೇರಿದ್ದಾಳೆ. ಅವಳ ಪುಸ್ತಕವನ್ನು ನಾನೂ ತಿರುವಿ ನೋಡಿದೆ. ಚಿತ್ರಗಳು ಚೆನ್ನಾಗಿವೆ. ಲೇತಿನ ಒಂದೊಂದು ಭಾಗಕ್ಕೂ ಬಾಣ ಬಿಟ್ಟು ಹೆಸರು ಬರೆದಿದ್ದಾರೆ. ಆದರೆ ಅದರ ಕಾಲಿನ ಕೆಳಗೆ ಏನಿರಬಹುದು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಕೆಲಸ ಶುರುವಾದದ್ದೇ ಅಲ್ಲಿಂದ.

ಕೊಟ್ರೇಶನಿಗೆ ಲೇತು ಎಂದರೆ ಹಿತ್ತಲ ಶೆಡ್ಡಿನಲ್ಲಿ ಕ್ರಿಕೆಟ್ ಬ್ಯಾಟು ಒರಗಿಸಲು ಇರುವ ಕಬ್ಬಿಣ. ಅವನಿಗಾಗಿ ಎರಡು ಮಾತು. ಲೇತಿನ ಒಂದು ತುದಿಯಲ್ಲಿ ಚಕ್ ಎಂಬ ಮೂರು ಹಲ್ಲಿನ ಬಾಯಿ ಇದೆ. ಅದು ಕಬ್ಬಿಣದ ಸರಳನ್ನು ಕಚ್ಚಿ ಹಿಡಿದು ಗಿರಗಿರ ತಿರುಗಿಸುತ್ತದೆ. ಇನ್ನೊಂದು ತುದಿಯಲ್ಲಿ ಸರಳಿಗೆ ಆಸರೆ ಕೊಡುವ ಟೇಲ್‌ಸ್ಟಾಕ್. ಕೆಳಗೆ ಉದ್ದಕ್ಕೂ ರೈಲು ಹಳಿಯಂಥ ಬೆಡ್. ಹಳಿಯ ಮೇಲೆ ಸರಿದಾಡುವ ಟೂಲು ಸರಳಿನ ಮೈಯನ್ನು ಸೌತೆಕಾಯಿ ಸಿಪ್ಪೆಯ ಹಾಗೆ ಸುಲಿಯುತ್ತದೆ. ಹಳಿ ನೆಟ್ಟಗಿದ್ದರೆ ಸರಳು ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಹಳಿ ತಿರುಚಿಕೊಂಡಿದ್ದರೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಓದಬಹುದು.

ನಾನು ಮದುವೆಯಾಗಿ ಕೊಟ್ಟೂರಿಗೆ ಬಂದ ವರ್ಷವೇ ಲೇತೂ ಈ ಮನೆಗೆ ಬಂತು. ನಿಮ್ಮ ಅಜ್ಜ ಹರಪನಹಳ್ಳಿಯ ಹುಸೇನ್ ಸಾಬರ ಹತ್ತಿರ ಕೆಲಸ ಕಲಿತವರು. ಸಾಬರು ಹೊಸ ಮಷಿನ್ ತಂದಾಗ ಹಳೆಯದನ್ನು ಶಿಷ್ಯನಿಗೆ ಕೊಟ್ಟರು. ನನಗೆ ಎತ್ತಿದ ಆರತಿ ತಟ್ಟೆಯಲ್ಲೇ ಅತ್ತೆ ಲೇತಿಗೂ ಆರತಿ ಎತ್ತಿದರು. ಓಣಿಯ ಜನ ಗುಂಪಾಗಿ ನೋಡಲು ಬಂದದ್ದು ಮಾತ್ರ ಲೇತನ್ನು.

ಅದನ್ನು ಕೂರಿಸಲು ಸಾಬರೇ ಬಂದಿದ್ದರು. ನಾಲ್ಕು ಕಾಲಿಗೆ ನಾಲ್ಕು ಕಲ್ಲಿನ ಚಪ್ಪಡಿ. ಬೆಡ್ ಮೇಲೆ ರಸಮಟ್ಟ ಇಟ್ಟು ಅದರೊಳಗಿನ ಗುಳ್ಳೆ ನಡುವೆ ನಿಲ್ಲುವ ತನಕ ಬೆಳಿಗ್ಗೆ ಪೂರ್ತಿ ಗುರು ಶಿಷ್ಯ ಇಬ್ಬರೂ ಬೋರಲು ಬಿದ್ದಿದ್ದರು. ಮಟ್ಟ ಸರಿಯಾಯಿತು. ಚಪ್ಪಡಿ ಒರೆಸಿ, ಬೋಲ್ಟಿಗೆ ಗ್ರೀಸು ಹಚ್ಚಲೆಂದು ಲೇತನ್ನು ಹಾರೆ ಹಾಕಿ ತುಸು ಎತ್ತಿ, ಕೆಳಗೆ ಮರದ ತುಂಡು ಕೊಟ್ಟು, ಎಲ್ಲರೂ ಊಟಕ್ಕೆ ಎದ್ದರು.

ಬಡಿಸುತ್ತಿದ್ದವಳು ಉಪ್ಪು ತರುತ್ತೇನೆಂದು ಎದ್ದುಬಂದೆ. ನಮ್ಮವ್ವ ಊರಿನ ಅಯ್ಯನವರಿಂದ ಬರೆಸಿ ಕೊಟ್ಟ ತಾಮ್ರದ ತಗಡೊಂದು ನನ್ನ ಸಂಚಿಯಲ್ಲಿತ್ತು. "ಕಬ್ಬಿಣ ತಿರುಗೋ ಮನಿ ಐತಿ. ಗಂಡನ ಕೈ ಜ್ವಾಕಿ" ಎಂದು ಹೇಳಿ ಕಳಿಸಿದ್ದಳು. ಅಜ್ಜನಿಗೆ ಹೇಳಿದರೆ ನಗುತ್ತಾರೆ. ತಗಡನ್ನು ನಾಲ್ಕು ಮಡಿಕೆ ಮಾಡಿ, ಕಿಟಕಿ ಕಡೆಯ ಹಿಂದಿನ ಕಾಲಿನ ಕೆಳಗೆ ಚಪ್ಪಡಿಯ ಮೇಲೆ ತಳ್ಳಿ, ಓಡಿಬಂದೆ. ಉಪ್ಪು ತರುವುದನ್ನು ಮರೆತೆ. ಮದುವೆಯಾಗಿ ತಿಂಗಳಾಗದ ಸೊಸೆಯನ್ನು ಸಪ್ಪೆ ಸಾರಿಗೆ ಯಾರು ಬೈಯುತ್ತಾರೆ?

ಊಟವಾದ ಮೇಲೆ ಲೇತನ್ನು ಇಳಿಸಿ ನಟ್ ಬಿಗಿದರು. ಮತ್ತೊಮ್ಮೆ ರಸಮಟ್ಟ ಇಡಲಿಲ್ಲ. ಬೆಳಿಗ್ಗೆ ನೋಡಿಯಾಗಿತ್ತಲ್ಲ.

ಮೊದಲ ದಿನದಿಂದಲೇ ಅದು ಸೊಟ್ಟ ಕಡಿಯತೊಡಗಿತು. ಒಂದು ಕೂದಲಿನಷ್ಟು ವ್ಯತ್ಯಾಸ, ಅಷ್ಟೇ. ಆದರೆ ಬೇರಿಂಗಿಗೆ ಒಂದು ಕೂದಲೂ ಬಾಳ ದೊಡ್ಡದು. ಅಜ್ಜ ಕರೆಂಟನ್ನು ಬೈದರು, ಕಬ್ಬಿಣವನ್ನು ಬೈದರು, ಟೂಲನ್ನು ಬೈದರು. "ಸಾಬರ ಹತ್ತಿರ ನೆಟ್ಟಗಿತ್ತು, ನಮ್ಮ ಮನಿಗಿ ಬಂದು ಕುಂಟತೈತಿ. ಇಲ್ಲಿ ನೀರು ಹಿಡಿಸಿಲ್ಲ ಅದಕ್ಕ" ಎನ್ನುತ್ತಿದ್ದರು. ಗುರುವಿಗೆ ದೂರು ಹೇಳಿದರೆ ಅವರದು ಪ್ರತಿ ಸಲ ಒಂದೇ ಉತ್ತರ: "ಬೆಡ್ ಸವೆದೈತಿ, ಸುಧಾರ್ಸ್ಕೊಂಡು ಹೋಗು." ಕೊನೆಗೆ ಅರ, ಎಮರಿ ಕಾಗದ ಹಿಡಿದು ಕೈಯಿಂದಲೇ ತಿಕ್ಕಿ ಸರಿ ಮಾಡುವುದನ್ನು ಅಜ್ಜ ರೂಢಿ ಮಾಡಿಕೊಂಡರು. ಒಂದು ತಾಸಿನ ಕೆಲಸಕ್ಕೆ ಮೂರು ತಾಸು. ನನಗೆ ತಗಡಿನ ನೆನಪೇ ಬರಲಿಲ್ಲ ಎಂದು ಬರೆಯಬಹುದು. ಆದರೆ ನಿಮಗೆ ಸುಳ್ಳು ಯಾಕೆ? ನೆನಪಿತ್ತು. ಕಾಗದದಷ್ಟು ತೆಳ್ಳಗಿನ ತಾಮ್ರ ಅಂಥ ದೈತ್ಯನನ್ನು ಏನು ಮಾಡೀತು ಎಂದುಕೊಂಡಿದ್ದೆ.

ನಾನು ಕೆಲಸ ಕಲಿತದ್ದು ಅಜ್ಜನ ಕಣ್ಣಿನ ದೆಸೆಯಿಂದ. ಮೈಕ್ರೋಮೀಟರಿನ ಸಣ್ಣ ಗೆರೆಗಳು ಅವರಿಗೆ ಕಾಣದಾದವು. "ಲೇ ಗೌರಿ, ಅಂಕಿ ಓದು ಬಾ" ಎಂದು ಒಲೆಯ ಮುಂದಿದ್ದ ನನ್ನನ್ನು ಕರೆಯುತ್ತಿದ್ದರು. ಅಂಕಿ ಓದುತ್ತಾ ಹಿಡಿ ತಿರುಗಿಸಿದೆ, ಹಿಡಿ ತಿರುಗಿಸುತ್ತಾ ಟೂಲು ಮಸೆದೆ. ಅಜ್ಜ ಮಧ್ಯಾಹ್ನ ಮಲಗಿದಾಗ ಸಣ್ಣ ಪಿನ್ನುಗಳನ್ನು ನಾನೇ ಕಡಿದಿಡುತ್ತಿದ್ದೆ. ಎದ್ದು ನೋಡಿ, "ನಾ ಇದನ್ನ ಯಾವಾಗ ಮಾಡಿದೆ?" ಎಂದು ತಾವೇ ಮೆಚ್ಚಿಕೊಳ್ಳುತ್ತಿದ್ದರು.

ಅನ್ನಪೂರ್ಣ, ಇದನ್ನು ಮಾತ್ರ ಗಮನವಿಟ್ಟು ಓದು. ಚಕ್ ಬಿಗಿಯುವ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಒಮ್ಮೆ ಮಷಿನ್ ಚಾಲೂ ಮಾಡಿದೆ. ಕೀಲಿ ಹಾರಿಹೋಗಿ ಮೂಲೆಯ ನೀರಿನ ಗಡಿಗೆಗೆ ಬಡಿಯಿತು. ಅಜ್ಜ ಗಡಿಗೆಯ ಕಡೆ ತಿರುಗಿ ನೋಡಿ, "ಗಡಿಗಿ ಆಗಿದ್ದಕ್ಕ ಇಷ್ಟು ಸಪ್ಪಳ ಬಂತು. ನನ್ನ ತಲಿ ಆಗಿದ್ರ ಬರ್ತಿದ್ದಿಲ್ಲ" ಎಂದರು. ಅಂದಿನಿಂದ ಕೀಲಿಗೆ ಗೋಡೆಯಲ್ಲಿ ಒಂದು ಮೊಳೆ. ಆ ಮೊಳೆ ಇನ್ನೂ ಇದೆ.

ನಿಮ್ಮ ಅವ್ವ ಹೈಸ್ಕೂಲಿನಲ್ಲಿದ್ದಾಗ ಅಜ್ಜ ಹೋದರು. ಎದೆನೋವು. ಅವರ ಹತ್ತೂ ಬೆರಳು ಸರಿಯಾಗಿದ್ದವು, ನಾನು ಎಣಿಸಿ ನೋಡಿದೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಶೆಡ್ಡು ಒಂದು ವರ್ಷ ಮುಚ್ಚಿತ್ತು. ತಗಡಿನ ಮಾಡು ಸೋರಿ ಲೇತಿಗೆ ತುಕ್ಕು ಹಿಡಿಯಿತು. ಆಗ ನನ್ನ ಮೈದುನ ವೀರಣ್ಣ ಗುಜರಿಯವನೊಬ್ಬನನ್ನು ಕರೆದುಕೊಂಡು ಬಂದ. ವೀರಣ್ಣ ಬಸ್ ಕಂಡಕ್ಟರ್, ಹಡಗಲಿಯಲ್ಲಿ ಮನೆ. ಕೆಟ್ಟವನಲ್ಲ. ನಮ್ಮ ಮನೆಗೆ ಬಂದರೂ ಹೊಸ್ತಿಲ ಮೇಲೆ ಫುಟ್‌ಬೋರ್ಡಿನ ಮೇಲೆ ನಿಂತ ಹಾಗೇ ನಿಲ್ಲುತ್ತಿದ್ದ.

"ಅತ್ತಿಗಿ, ಈ ಕಬ್ಬಿಣ ಇಟ್ಕೊಂಡು ಏನ್ ಮಾಡ್ತೀರಿ? ಕೊಟ್ಟುಬಿಡೋಣು. ಮನಿಗಿ ಬೀಗ ಹಾಕಿ ಹಡಗಲಿಗಿ ನಡೀರಿ. ನನ್ನ ಹೆಂಡ್ತಿಗೂ ಅಡಗಿ ಮನ್ಯಾಗ ಒಂದು ಕೈ ಆಗತೈತಿ."

ಆ 'ಒಂದು ಕೈ' ನನಗೆ ಚುಚ್ಚಿತು. ನನಗೆ ಎರಡಿದ್ದವು, ಎರಡೂ ಕಬ್ಬಿಣ ಕಡಿಯಬಲ್ಲವು. ಹಡಗಲಿಗೆ ಹೋದರೆ ಅವು ರೊಟ್ಟಿ ಬಡಿಯುತ್ತಾ ಮುಗಿದುಹೋಗುತ್ತವೆ, ನಿಮ್ಮ ಅವ್ವನೂ ಪಕ್ಕದಲ್ಲಿ ಕೂತು ಬಡಿಯುತ್ತಾಳೆ. ಬಾಗಿಲ ಮರೆಯಲ್ಲಿ ನಿಂತೇ ಹೇಳಿದೆ:

"ಲೇತು ಕೊಡಂಗಿಲ್ಲ."

"ಅದು ನೆಟ್ಟಗ ಕಡಿಯಂಗಿಲ್ಲಲ್ಲ. ಅಣ್ಣನೇ ಹೇಳ್ತಿದ್ದ."

"ರಿಪೇರಿ ಮಾಡಿದ್ರ ಕಡಿಯತೈತಿ."

"ಯಾರು ಮಾಡಾರು?"

"ನಾನು."

ಗುಜರಿಯವನು ನಕ್ಕ. ವೀರಣ್ಣ ನಗಲಿಲ್ಲ. ಯಾರು ಟಿಕೆಟ್ ತಗೊಂಡಿಲ್ಲ ಎಂಬುದನ್ನು ಮುಖ ನೋಡಿಯೇ ಹೇಳುವ ಮನುಷ್ಯ, ಬಾಗಿಲ ಸಂದಿಯಲ್ಲಿ ಕಂಡ ನನ್ನ ಮುಖವನ್ನೂ ಹಾಗೇ ನೋಡಿದ.

"ಒಂದು ತಿಂಗಳು. ಕೂಡ್ಲಿಗಿ ಹಿಟ್ಟಿನ ಗಿರಣಿ ಮಲ್ಲಪ್ಪಂದು ಒಂದು ಶಾಫ್ಟ್ ಆಗಬೇಕೈತಿ. ಎರಡೂ ತುದಿಗಿ ಬೇರಿಂಗ್ ಸರಿ ಕುಂತ್ರ ಲೇತು ಇಲ್ಲೇ ಇರಲಿ. ಕೂಡಲಿಲ್ಲಂದ್ರ ಗುಜರಿಗಿ. ಮಾತಂದ್ರ ಮಾತು."

ಮಾರನೆಯ ದಿನ ಸೆರಗು ಬಿಗಿದು ಶೆಡ್ಡಿಗೆ ಇಳಿದೆ. ಬಾಗಿಲಿಗೆ ಗೋಣಿಚೀಲದ ಪರದೆ ಕಟ್ಟಿಕೊಂಡೆ, ಯಾರೂ ನೋಡಬಾರದಲ್ಲ. ಲೇತಿನ ಮುಂದೆ ಬಳೆ ತೊಟ್ಟ ಕೈ ಅಪಾಯ. ನನ್ನವು ಆಗಲೇ ಬರಿಗೈ. ವಿಧವೆಯಾದದ್ದರಿಂದ ನನಗೆ ಆದ ಅನುಕೂಲ ಇದೊಂದೇ.

ಸೀಮೆಎಣ್ಣೆ, ತಂತಿ ಬ್ರಶ್ಶು, ಹಳೇ ಪಂಚೆ. ತುಕ್ಕಿನ ಕೆಳಗೆ ಗ್ರೀಸು, ಗ್ರೀಸಿನೊಳಗೆ ಅಷ್ಟೂ ವರ್ಷಗಳ ಆಯುಧಪೂಜೆ. ವಿಭೂತಿ, ಅರಿಶಿನ, ಕುಂಕುಮ ಎಲ್ಲ ಸೇರಿ ಹೂರಣದ ಹಾಗೆ ಮೆತ್ತಿಕೊಂಡಿದ್ದವು. ವಿಭೂತಿ ಹಣೆಗೆ ಒಳ್ಳೆಯದು, ಬೆಡ್ಡಿಗೆ ಅಲ್ಲ. ಅದು ಹಳಿಯನ್ನು ತಿಂದುಹಾಕುತ್ತದೆ. ಎರಡು ಮೊರ ಭಕ್ತಿ ಕೆರೆದು ತೆಗೆದೆ.

ಟೇಲ್‌ಸ್ಟಾಕನ್ನು ಬಿಚ್ಚಿದರೆ ಅದರ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಎತ್ತರ ಹೊಂದಿಸಲು ಅಜ್ಜ ಇಟ್ಟದ್ದು. ಬಿಡಿಸಿ ನೋಡಿದೆ. ನಮ್ಮ ಮದುವೆಯ ಲಗ್ನಪತ್ರಿಕೆ. ಎಣ್ಣೆ ಕುಡಿದು ಕಪ್ಪಾಗಿತ್ತು, ನನ್ನ ಹೆಸರು ಮಾತ್ರ ಓದಲು ಬರುತ್ತಿತ್ತು. ನಮ್ಮ ಮದುವೆಯಿಂದ ಲೇತಿಗಾದರೂ ಉಪಯೋಗವಾಗಿದೆ ಎಂದು ಸಮಾಧಾನವಾಯಿತು.

ಟೇಲ್‌ಸ್ಟಾಕಿನ ಅಡಿ ಎಲ್ಲಿ ಉಬ್ಬಿದೆ ಎಂದು ಕಂಡುಹಿಡಿಯಲು ಅಜ್ಜ ಒಂದು ಉಪಾಯ ಮಾಡುತ್ತಿದ್ದರು. ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಬೆಡ್ಡಿಗೆ ತೆಳ್ಳಗೆ ಸವರಿ, ಮೇಲೆ ಭಾಗವನ್ನು ಇಟ್ಟು ಎಳೆಯುವುದು. ಉಬ್ಬಿದ ಕಡೆ ಮಾತ್ರ ಕೆಂಪು ಹತ್ತುತ್ತದೆ. ಆ ಕೆಂಪನ್ನಷ್ಟೇ ಕೆರೆಯುವುದು, ಮತ್ತೆ ಸವರುವುದು, ಮತ್ತೆ ಕೆರೆಯುವುದು. ನಾನು ಪೂಜೆ ಸಾಮಾನಿನ ಅಂಗಡಿಗೆ ಹೋಗಿ ಸಿಂಧೂರ ಕೇಳಿದೆ. "ಆಂಜನೇಯನ ಗುಡಿಗೇನವ್ವ?" ಎಂದ ಅಂಗಡಿಯವನು. ನಾಚಿಕೆಗೆ ಹೂಂ ಎಂದು ತಲೆಯಾಡಿಸಿದೆ. ಸಂಜೆಯೊಳಗೆ ನಾನು ಆಂಜನೇಯನಿಗೆ ಹರಕೆ ಹೊತ್ತಿದ್ದೇನೆ ಎಂದು ಓಣಿಗೆಲ್ಲ ಗೊತ್ತಾಯಿತು.

ಎರಡು ದಿನ ಬಿಟ್ಟು ಪಕ್ಕದ ಮನೆಯ ಕಮಲಮ್ಮ ಗೋಣಿ ಸರಿಸಿ ಇಣುಕಿದಳು. ನನ್ನ ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಗೆ.

"ಏನ ಗೌರಕ್ಕ, ಮದರಂಗಿ ಹಚ್ಚಿಕೊಂಡಂಗ ಐತಲ್ಲ. ಯಾರವ್ವ ವರ?"

ನನ್ನ ಜನ್ಮದಲ್ಲೇ ಮೊದಲ ಸಲ ತಕ್ಷಣಕ್ಕೆ ಉತ್ತರ ಬಾಯಿಗೆ ಬಂತು, ಬಂದದ್ದು ಹೊರಗೂ ಬಿತ್ತು.

"ಇಲ್ಲೇ ಅದಾನ ನೋಡು. ನಾಕು ಕಾಲು, ಬಾಯಾಗ ಮೂರೇ ಹಲ್ಲು."

ಕಮಲಮ್ಮ ಲೇತಿನ ಚಕ್ಕನ್ನು ಬಗ್ಗಿ ನೋಡಿದಳು. "ವಯಸ್ಸಾಗೇತಿ ಬಿಡು. ಊಟಕ್ಕೇನು?"

"ಗ್ರೀಸು."

"ಕುಡಿಯದಿಲ್ಲಲ್ಲ?"

"ಸೀಮೆಎಣ್ಣಿ ಅಷ್ಟೇ."

ಅವಳು ನಗುತ್ತಾ ಅಲ್ಲೇ ಕುಸಿದು ಕೂತಳು. ಆಮೇಲೆ ದಿನಾ ಬಂದು ತುಕ್ಕು ತಿಕ್ಕಿಕೊಟ್ಟಳು. ಭಾವನವರ ಸೇವೆ ಎನ್ನುತ್ತಿದ್ದಳು.

ಲೇತು ಹೊಳೆಯತೊಡಗಿತು. ಸರಳು ಹಾಕಿ ಕಡಿದು ನೋಡಿದೆ. ಸೊಟ್ಟ. ಟೇಲ್‌ಸ್ಟಾಕ್ ಮುಟ್ಟಿಸದೆ ಕಡಿದೆ, ಆಗಲೂ ಸೊಟ್ಟ. ತಿಂಗಳಿಗೆ ನಾಲ್ಕು ದಿನ ಉಳಿದಿತ್ತು. ಮಲ್ಲಪ್ಪನ ಶಾಫ್ಟಿನ ಸರಳು ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಹುಸೇನ್ ಸಾಬರನ್ನು ಕರೆತರಲು ಹರಪನಹಳ್ಳಿ ಬಸ್ಸು ಹತ್ತಿದರೆ ಕಂಡಕ್ಟರ್ ವೀರಣ್ಣನೇ.

"ಎಲ್ಲಿಗಿ ಅತ್ತಿಗಿ?"

"ಹರಪನಹಳ್ಳಿಗಿ."

"ಶಾಫ್ಟ್ ಎಲ್ಲಿಗಿ ಬಂತು?"

"ಟಿಕೆಟ್ ಕೊಡು."

ಸಾಬರಿಗೆ ಆಗಲೇ ಬಾಳ ವಯಸ್ಸಾಗಿತ್ತು. ಆದರೂ ರಸಮಟ್ಟವನ್ನು ಚೀಲದಲ್ಲಿ ಹಾಕಿಕೊಂಡು ಅದೇ ದಿನ ನನ್ನ ಜೊತೆ ಬಂದರು. ಲೇತಿನ ಬೆನ್ನು ಸವರಿದರು. "ಹೊಸ ಮದುಮಗಳಂಗ ಮಾಡೀಯ" ಎಂದರು. ರಸಮಟ್ಟವನ್ನು ಬೆಡ್ಡಿನ ಈ ತುದಿಯಲ್ಲಿ ಅಡ್ಡ ಇಟ್ಟರು, ಗುಳ್ಳೆ ಬಾಗಿಲ ಕಡೆ ಓಡಿತು. ಆ ತುದಿಯಲ್ಲಿ ಇಟ್ಟರು, ಕಿಟಕಿ ಕಡೆ ಓಡಿತು.

"ಬೆಡ್ ಸವೆದಿಲ್ಲ ಮಗಳ. ತಿರುಚೇತಿ. ಕಾಲಿನ ಕೆಳಗ ಏನೋ..."

ಮಾತು ಅಲ್ಲಿಗೇ ಬಿಟ್ಟು ರಸಮಟ್ಟ ಒರೆಸತೊಡಗಿದರು. ನನಗೆ ನನ್ನ ತಗಡು ನೆನಪಾಯಿತು. ಈ ಮುದುಕನನ್ನು ಹೇಗಾದರೂ ಹೊರಗೆ ಕಳಿಸಿ ಕಾಲಿನ ಕೆಳಗಿನದನ್ನು ತೆಗೆಯಬೇಕು.

"ಚಾಚಾ, ಹಿತ್ತಲದಾಗ ನೀರೈತಿ. ಕೈಕಾಲು ತೊಳ್ಕೊಂಡು ಬರ್ರಿ."

"ನನ್ನ ಕೈ ಸ್ವಚ್ಛ ಅದಾವ. ನೀನು ಒಂದು ಕಪ್ ಚಾ ಮಾಡ್ಕೊಂಡು ಬಾ ಹೋಗು."

"ಸಕ್ರಿ ಇಲ್ಲ."

"ಬೆಲ್ಲ ಹಾಕು."

"ನಿಮ್ಮ ನಮಾಜಿನ ಹೊತ್ತಾತೇನೋ ಚಾಚಾ."

"ಇನ್ನೂ ಹೊತ್ತೈತಿ. ನಿಂದು ಪೂಜಿ ಆತೇನು?"

"ಬೆಳಿಗ್ಗೇನೇ ಆತು."

ಹಿರಿಯರ ಮುಂದೆ ಎಷ್ಟೊತ್ತು ವಾದಿಸಲಿ? ಅಡುಗೆ ಮನೆಗೆ ಹೋದೆ. ಒಲೆಗೆ ಪಾತ್ರೆ ಇಟ್ಟವಳು ಮನಸ್ಸು ತಡೆಯದೆ ತಿರುಗಿ ಬಂದೆ. ಗೋಣಿ ಸರಿಸಿದರೆ, ಸಾಬರು ಬಾಗಿಲ ಕಡೆಯ ಮುಂದಿನ ಕಾಲಿನ ಹತ್ತಿರ ಬೋರಲು ಬಿದ್ದಿದ್ದಾರೆ. ನಟ್ ಸಡಿಲಿಸಿ, ಜಾಕ್ ಕೊಟ್ಟು, ಕಾಲಿನ ಸಂದಿಯಿಂದ ಏನನ್ನೋ ಚಿಮಟದಲ್ಲಿ ಎಳೆಯುತ್ತಿದ್ದಾರೆ. ನನ್ನ ತಗಡು ಇದ್ದದ್ದು ಕಿಟಕಿ ಕಡೆ. ಇದು ಆ ಕಾಲಲ್ಲ, ಇದರ ಎದುರು ಮೂಲೆಯದು.

"ಏನದು ಚಾಚಾ?"

ಅವರು ಬೆಚ್ಚಿ ತಲೆ ಎತ್ತಿದಾಗ ಬೆಡ್ಡಿಗೆ ತಲೆ ಬಡಿಯಿತು. ಅಂಗೈಯಲ್ಲಿ ಜಜ್ಜಿ ಚಪ್ಪಟೆಯಾದ ಒಂದು ತಗಡಿನ ತಾಯಿತ.

"ಏನಿಲ್ಲ ಮಗಳ... ಅವತ್ತು ನೀವೆಲ್ಲ ಉಣ್ಣಾಕ ಹೋದ್ರಲ್ಲ, ನಾನು ಕೊನೀಗಿ ಎದ್ದೆ. ಅವ ನನ್ನ ಶಾಗಿರ್ದ, ನನ್ನ ಶಿಷ್ಯ. ಹೊಸ ಮದುವಿ ಬ್ಯಾರೆ. ಕೈಗಿ ಏನೂ ಆಗಬಾರದು ಅಂತ ದರ್ಗಾದಾಗ ಓದಿಸಿ ತಂದಿದ್ದೆ. ಇಷ್ಟು ತೆಳುವಂದು ಏನು ಮಾಡೀತು ಅಂದ್ಕೊಂಡೆ."

ಜಾಕನ್ನು ಕಿಟಕಿ ಕಡೆಯ ಹಿಂದಿನ ಕಾಲಿಗೆ ತಂದು, ಎತ್ತಿ, ನನ್ನ ತಗಡನ್ನು ತೆಗೆದು ಅವರ ಅಂಗೈಯ ಮೇಲೆ ತಾಯಿತದ ಪಕ್ಕಕ್ಕೆ ಇಟ್ಟೆ. ಈ ಮೂಲೆಗೊಂದು, ಆ ಮೂಲೆಗೊಂದು. ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಹಿಂಡುತ್ತಾರಲ್ಲ, ಹಾಗೆ ನಾವಿಬ್ಬರೂ ಆ ಬೆಡ್ಡನ್ನು ಅಷ್ಟು ವರ್ಷ ಹಿಂಡಿದ್ದೆವು.

ಸಾಬರು ಎರಡನ್ನೂ ಬಹಳ ಹೊತ್ತು ನೋಡಿದರು. "ಪ್ರತಿ ಸಲ 'ಬೆಡ್ ಸವೆದೈತಿ' ಅಂತ ಹೇಳಿ ಕಳಿಸ್ತಿದ್ದೆ. ಪಾಪ, ನಂಬ್ತಿದ್ದ" ಎಂದರು. ಎರಡನ್ನೂ ನನ್ನ ಕೈಗೆ ಹಾಕಿ ಕೇಳಿದರು, "ಕೊನೀಗಿ ಹತ್ತೂ ಬೆರಳು ಇದ್ದವೇನು ಮಗಳ?"

"ಹತ್ತೂ ಇದ್ದವು ಚಾಚಾ. ಎಣಿಸೀನಿ."

"ಹಂಗಾರ ಯಾರಿಗೂ ಹೇಳಬ್ಯಾಡ. ನಾನೂ ಹೇಳಂಗಿಲ್ಲ."

ಒಲೆಯ ಮೇಲೆ ಪಾತ್ರೆ ಸೀದ ವಾಸನೆ ಬಂದಾಗಲೇ ನಮಗೆ ಎಚ್ಚರ.

ಕಾಲು ಇಳಿಸಿ ನಟ್ ಬಿಗಿದೆವು. ಬಿಗಿದ ಮೇಲೆ ಮತ್ತೆ ರಸಮಟ್ಟ ಇಟ್ಟೆವು. ಅನ್ನಪೂರ್ಣ, 'ಬಿಗಿದ ಮೇಲೆ' ಎಂಬುದರ ಕೆಳಗೆ ಗೆರೆ ಹಾಕಿಕೋ. ಶಾಫ್ಟನ್ನು ನಾನೇ ಕಡಿದೆ. ಸಾಬರು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದರು. ಈ ತುದಿಯ ಅಂಕಿ ಓದಿದೆ, ಆ ತುದಿಯ ಅಂಕಿ ಓದಿದೆ. ನಂಬಿಕೆ ಬಾರದೆ ಮೈಕ್ರೋಮೀಟರ್ ಒರೆಸಿ ಮತ್ತೆ ಓದಿದೆ. ಎರಡೂ ಒಂದೇ.

ತಿಂಗಳು ತುಂಬಿದ ದಿನ ವೀರಣ್ಣ ಬಂದ, ಜೊತೆಗೆ ಗಿರಣಿ ಮಲ್ಲಪ್ಪ. ಸಾಬರೂ ಮತ್ತೆ ಬಂದಿದ್ದರು. ಮಲ್ಲಪ್ಪ ಬೇರಿಂಗ್ ತಂದಿದ್ದ. ಒಂದು ತುದಿಗೆ ಹಾಕಿ ಮೆಲ್ಲಗೆ ತಟ್ಟಿದ, ಸರಾಗವಾಗಿ ಇಳಿದು ಕೂತಿತು. ಇನ್ನೊಂದು ತುದಿಗೆ ತಟ್ಟಿದ. ನಾನು ಗೋಣಿಯ ಹಿಂದೆ ನಿಂತು ಆ ಸಪ್ಪಳಗಳನ್ನು ಎಣಿಸುತ್ತಿದ್ದೆ. ಅದೂ ಕೂತಿತು.

"ಯಾವ ಮಿಸ್ತ್ರಿ ಮಾಡಿದ್ದು?" ಎಂದ ಮಲ್ಲಪ್ಪ.

ಸಾಬರು ಗೋಣಿಯ ಕಡೆ ಕೈ ತೋರಿಸಿದರು. ಮಲ್ಲಪ್ಪ ಗೋಣಿಯ ಕೆಳಗೆ ಕಾಣುತ್ತಿದ್ದ ನನ್ನ ಕಾಲು ನೋಡಿದ, ಶಾಫ್ಟ್ ನೋಡಿದ. "ಆತ್ ಬಿಡ್ರಿ. ಹೆಣ್ಮಗಳು ಮಾಡಿದ್ದು ಅಂತ ಕೂಡ್ಲಿಗ್ಯಾಗ ಹೇಳಬ್ಯಾಡ್ರಿ" ಎಂದು ಹೇಳಿ ಹೋದವನು ಊರಿಗೆಲ್ಲ ತಾನೇ ಹೇಳಿದ.

"ಅಷ್ಟು ವರ್ಷ ಅದಕ್ಕ ಏನಾಗಿತ್ತು ಸಾಬರ?" ವೀರಣ್ಣ ಕೇಳಿದ.

"ವಾಯು ಹಿಡದಿತ್ತು" ಎಂದರು ಸಾಬರು ಮುಖ ಗಂಟಿಕ್ಕಿಕೊಂಡು. "ನಿಮ್ಮ ಅತ್ತಿಗಿ ಬಿಡಿಸಿದ್ಲು."

ವೀರಣ್ಣ ಹೊಸ್ತಿಲ ಮೇಲೆ ನಿಂತು ಗೋಣಿಯ ಸಂದಿಯಿಂದ ಲೇತನ್ನೊಮ್ಮೆ, ಗೋಣಿಯನ್ನೊಮ್ಮೆ ನೋಡಿ, ಬಾಗಿಲ ತಗಡನ್ನು ಎರಡು ಸಲ ತಟ್ಟಿ, "ರೈಟ್" ಎಂದು ಇಳಿದು ಹೋದ. ಹಡಗಲಿಯ ಮಾತು ಮತ್ತೆ ತೆಗೆಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಮೆಕ್ಕೆಜೋಳದ ಮಷಿನ್ನಿನ ಶಾಫ್ಟು, ಪಂಪಿನ ಬುಷ್ಷು, ಟ್ರ್ಯಾಕ್ಟರ್ ಪಿನ್ನು ಎಷ್ಟು ಕಡಿದೆನೋ. ಹಗರಿಬೊಮ್ಮನಹಳ್ಳಿಯ ಗಿರಾಕಿಯೊಬ್ಬ ಹತ್ತು ವರ್ಷ ಕಿಟಕಿಯಲ್ಲೇ ಕೆಲಸ ಕೊಟ್ಟು ತಗೊಂಡು ಹೋದ. ಅವನು ಕಂಡದ್ದು ನನ್ನ ಮಣಿಕಟ್ಟಿನ ತನಕ ಮಾತ್ರ. ಈಗ ಅಳತೆ ಫೋನಿನಲ್ಲೇ ಬರುತ್ತದೆ, ಕಂಪ್ಯೂಟರ್ ಹೇಳಿದ ಹಾಗೆ ಮಷಿನ್ ತಾನೇ ಕಡಿಯುತ್ತದಂತೆ. ಒಳ್ಳೆಯದೇ. ಆದರೆ ಅದಕ್ಕೂ ಕಾಲಿರುತ್ತದೆ ಅನ್ನಪೂರ್ಣ.

ಸಾಬರು ಹೋಗಿ ವರ್ಷಗಳಾದವು. ಅವರ ಮಾತು ಇಲ್ಲಿಯವರೆಗೆ ಉಳಿಸಿಕೊಂಡಿದ್ದೆ, ಈಗ ನಿಮ್ಮಿಬ್ಬರಿಗೆ ಮಾತ್ರ ಮುರಿದಿದ್ದೇನೆ. ರಜೆಗೆ ಬಂದಾಗ ಅನ್ನಪೂರ್ಣ ಈ ಲೇತಿನ ಮುಂದೆ ಒಬ್ಬಳೇ ನಿಲ್ಲುತ್ತಾಳೆ ಎಂದು ನಿಮ್ಮ ಅವ್ವ ಹೇಳಿದ ದಿನ ಇನ್ನೊಂದು ಕೆಲಸ ಮಾಡಹೊರಟಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ತಗಡನ್ನೂ ತಾಯಿತವನ್ನೂ ಕೈಯಲ್ಲಿ ಹಿಡಿದು ಶೆಡ್ಡಿಗೆ ಹೋಗಿದ್ದೆ. ಬುದ್ಧಿ ಬಂದು ವಾಪಸಾದೆ ಎಂದು ತಿಳಿಯಬೇಡಿ. ಮೊಣಕಾಲು ಬಗ್ಗಲಿಲ್ಲ.

ಹಾಗಾಗಿ ಎರಡನ್ನೂ ಲಗ್ನಪತ್ರಿಕೆಯ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದ್ದೇನೆ. ಈ ಹಾಳೆಗಳೂ ಅದರಲ್ಲೇ ಇರುತ್ತವೆ. ಜೋಪಾನವಾಗಿ ಇಟ್ಟುಕೊಳ್ಳಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಸೋರುವ ಕಡೆ ಇಡಬೇಡಿ. ನಾಲ್ಕು ಮಡಿಕೆ ಮಾಡಿದರೆ ಮಷಿನ್ನಿನ ಕಾಲಿನ ಕೆಳಗೆ ಸರಿಯಾಗಿ ಕೂರುವಷ್ಟು ದಪ್ಪ ಇವೆ, ನಾನು ಅಳೆದು ನೋಡಿದ್ದೇನೆ. ಅಲ್ಲೊಂದು ಕಡೆ ಮಾತ್ರ ಇಡಬೇಡಿ.